ಒಂಬತ್ತನೆಯ ಅಡಿಟಿಪ್ಪಣಿ

"ಮೇಡಂ, ಒಂದ್ ಮಾತು ಕೇಳ್ಲೇನ್ರಿ?"

ಕೊನೆಯ ಸಾಲಿನಿಂದ ಆ ದನಿ ಬಂದಾಗ ಧೃತಿ ಇನ್ನೂ ಮಾತು ಮುಗಿಸಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಸೆಪ್ಟೆಂಬರ್, ಭಾನುವಾರದ ಬೆಳಿಗ್ಗೆ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿದ್ದ ಅರ್ಥಶಾಸ್ತ್ರ ಸಂಘದ ಪುಟ್ಟ ಸಭಾಂಗಣ. ಜಯನಗರದ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿದ್ದ ಇಪ್ಪತ್ತೇಳರ ಧೃತಿಗೆ ಅದು ಸಂಘದಲ್ಲಿ ಮೊದಲ ಭಾಷಣ. ಸಂಸತ್ತು ಆಗಷ್ಟೇ ಒಪ್ಪಿದ್ದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಬಗ್ಗೆ ಹೇಳುತ್ತಿದ್ದಳು. ಸರ್ಕಾರ ಮನಸ್ಸಿಗೆ ಬಂದಷ್ಟು ಖರ್ಚು ಮಾಡಿ ಕೊರತೆ ಬೆಳೆಸಬಾರದು ಎಂದು ಕಟ್ಟು ಹಾಕುವ ಕಾಯ್ದೆ ಅದು.

"ಮನೆ ಯಜಮಾನ ಸಂಪಾದನೆಗಿಂತ ಹೆಚ್ಚು ಖರ್ಚು ಮಾಡಿದರೆ ಮನೆ ಉಳಿಯುತ್ತದೆಯೇ? ಸರ್ಕಾರವೂ ಹಾಗೆಯೇ" ಎಂದು ಅವಳು ಹೇಳಿದ್ದೇ ತಡ, ಆ ದನಿ ಎದ್ದಿತ್ತು.

"ಕೇಳಿ" ಅಂದಳು.

ಎಣ್ಣೆಗಪ್ಪು ಬಣ್ಣದ, ಎತ್ತರದ ಯುವಕ ಎದ್ದು ನಿಂತ. ತೋಳು ಮಡಚಿದ ನೀಲಿ ಅಂಗಿ.

"ನಿಮ್ಮ ಮನ್ಯಾಗ ನೋಟು ಛಾಪಿಸ್ತೀರೇನ್ರಿ?"

ಸಭೆ ಗೊಳ್ಳೆಂದಿತು! ಧೃತಿಯ ಕಿವಿಗಳು ಬಿಸಿಯಾದವು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಕೂಡ ಮೀಸೆಯಡಿ ನಕ್ಕಿದ್ದು ಕಾಣಿಸಿತು.

"ಇಲ್ಲ" ಅಂದಳು ಅವಳು. "ನಿಮ್ಮ ಮನೇಲಿ ಛಾಪಿಸ್ತಾರಾ? ಹಾಗಿದ್ರೆ ವಿಳಾಸ ಕೊಡಿ, ಜಯನಗರ ಸ್ಟೇಷನ್‌ಗೆ ತಿಳಿಸ್ತೀನಿ."

ಈ ಸಲ ನಗು ಅವಳ ಕಡೆಗೆ ತಿರುಗಿತು. ವಿಚಿತ್ರವೆಂದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

"ನಾ ಹೇಳೋದು ಇಷ್ಟ್ರಿ. ಮನಿ ರೂಪಾಯಿ ದುಡೀತೈತಿ. ಕೇಂದ್ರ ಸರ್ಕಾರ ರೂಪಾಯಿ ಹುಟ್ಟಸ್ತೈತಿ. ದುಡಿಯೋರಿಗೂ ಹುಟ್ಟಸೋರಿಗೂ ಒಂದ ಲೆಕ್ಕ ಹ್ಯಾಂಗ್ ಹಚ್ತೀರಿ?"

"ತೊಂಬತ್ತೊಂದರಲ್ಲಿ ದೇಶದ ಚಿನ್ನ ಅಡ ಇಟ್ಟಿದ್ದು ಮರ್ತುಹೋಯ್ತಾ?"

"ಅವಾಗ ಖಾಲಿ ಆಗಿದ್ದು ಡಾಲರ್ರಿ. ರೂಪಾಯಿ ಅಲ್ಲ."

ಧೃತಿ ತನ್ನ ಭಾಷಣದ ಹಾಳೆಗಳನ್ನು ತಿರುವಿ ಹುಡುಕಿದಳು. ಸಂಘದ ಕಾರ್ಯದರ್ಶಿ, ನಿವೃತ್ತ ಪ್ರಾಧ್ಯಾಪಕ ಚಿಕ್ಕಬೈರಪ್ಪನವರು ಎದ್ದು, "ಕಾಫಿ ಆರ್ತಾ ಇದೆ, ಜಗಳ ಆಮೇಲೆ" ಅಂದು ಅವಳನ್ನು ಪಾರು ಮಾಡಿದರು.

ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. 'ಯಾರಿವನು? ಇಷ್ಟು ಜನರ ಮುಂದೆ ನನ್ನ ಮಾತು ಕಿತ್ತುಕೊಂಡನಲ್ಲ...'

* * *

ಅವನ ಹೆಸರು ಸಿದ್ದಾರೂಢ. ಗದಗದ ಕಡೆಯವನು. ಧಾರವಾಡದಲ್ಲಿ ಎಂ.ಎ. ಮಾಡಿ, ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆ ಕೋಣೆ ಹಿಡಿದು, ಒಂದು ಸಮೀಕ್ಷೆ ಕಂಪನಿಯಲ್ಲಿ ಕೆಲಸಕ್ಕಿದ್ದ. ಹೊರದೇಶದ ನಾಲ್ಕಾರು ಅರ್ಥಶಾಸ್ತ್ರಜ್ಞರು ಆಗಿನ್ನೂ ಬರೆಯತೊಡಗಿದ್ದ ಹೊಸ ಸಿದ್ಧಾಂತದ ಜೆರಾಕ್ಸ್ ಪ್ರತಿಗಳನ್ನು ಓದಿ ಓದಿ ತಲೆಗೆ ಹತ್ತಿಸಿಕೊಂಡಿದ್ದ. ತನ್ನದೇ ಹಣ ಹುಟ್ಟಿಸುವ ದೇಶಕ್ಕೆ ಆ ಹಣ ಮುಗಿದುಹೋಗುವ ಭಯವಿಲ್ಲ. ನಿಜವಾದ ಮಿತಿ ಇರುವುದು ಧಾನ್ಯ, ಎಣ್ಣೆ, ಕೆಲಸಗಾರರ ಕೈಗಳಲ್ಲಿ. ಅವು ಸಾಲದೆ ಬಂದಾಗ ಬೆಲೆ ಏರುತ್ತದೆ, ಆಗ ಹೆದರಬೇಕು. ಇದು ಆ ಸಿದ್ಧಾಂತದ ತಿರುಳು.

ಚಿಕ್ಕಬೈರಪ್ಪನವರಿಗೆ ಆ ಭಾನುವಾರದ ಜಗಳ ಬಹಳ ಹಿಡಿಸಿಬಿಟ್ಟಿತ್ತು. ಡಿಗ್ರಿ ಮಕ್ಕಳಿಗೆ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ಬರೆಯಿರಿ ಎಂದು ಇಬ್ಬರಿಗೂ ಒಪ್ಪಿಸಿದರು. "ಕಾಯ್ದೆ ಪರ ನೀನು ಬರಿಯಮ್ಮ, ಸಿದ್ಧಾಂತದ ಪರ ಅವನು ಬರೀಲಿ. ಒಂದೇ ಪುಸ್ತಕ, ಎರಡು ಬಾಯಿ."

ಹಾಗೆ ಪ್ರತಿ ಶನಿವಾರ ಮಧ್ಯಾಹ್ನ ಸಂಘದ ಮಹಡಿ ಮೇಲಿನ ಗ್ರಂಥಾಲಯದಲ್ಲಿ ಅವರಿಬ್ಬರ ಭೇಟಿ ಶುರುವಾಯಿತು.

ಮೊದಮೊದಲು ಬರೀ ಕಾದಾಟ! "ನಿಮ್ಮ ಸಿದ್ಧಾಂತ ಕೇಳಿ ಯಾವನೋ ಮಂತ್ರಿ ಚುನಾವಣೆ ಹಿಂದಿನ ದಿನ ನೋಟು ಸುರಿದ್ರೆ ಯಾರ್ರೀ ತಡೆಯೋರು?" ಅಂತ ಅವಳು. "ಕೆಲಸ ಇಲ್ದ ಕುಂತ ಹುಡುಗರಿಗೆ ಕಾಯ್ದೆ ತೋರಿಸಿ 'ಖಜಾನಿ ಖಾಲಿ ಐತಿ' ಅಂತ ಸುಳ್ಳು ಹೇಳೋದು ಸರಿ ಏನ್ರಿ?" ಅಂತ ಅವನು. ಗ್ರಂಥಪಾಲಕಿ ಗೌರಮ್ಮ ಎರಡು ಸಲ ಬಂದು, "ಇದು ಲೈಬ್ರರಿ, ಕಾರ್ಪೊರೇಷನ್ ಮೀಟಿಂಗ್ ಅಲ್ಲ" ಎಂದು ಗದರಿ ಹೋದರು.

ನವೆಂಬರಿನ ಒಂದು ಶನಿವಾರ ಧೃತಿಗೆ ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಚೀಟಿಯ ಮೇಲೆ 'ಇವತ್ತು ಬೇಡ' ಎಂದು ಬರೆದು ಅವನ ಮುಂದೆ ತಳ್ಳಿದಳು.

ಸಿದ್ದಾರೂಢ ಚೀಟಿ ಓದಿದ. ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

"ಹಂಗಾದ್ರ ಇವತ್ತು ನಿಮ್ಮ ವಕೀಲ ನಾನ್ರಿ."

ಎರಡು ಗಂಟೆ ಕಾಲ ಅವನು ತನ್ನದೇ ಖಾಲಿ ಕುರ್ಚಿಗೆ ಎದುರಾಗಿ ಕಾಯ್ದೆಯ ಪರ ವಾದಿಸಿದ! ಅವಳು ಹಿಂದಿನ ವಾರಗಳಲ್ಲಿ ಆಡಿದ್ದ ಒಂದೊಂದು ಮಾತೂ ಅವನಿಗೆ ನೆನಪಿತ್ತು. ಅವಳಿಗೆ ಹೊಳೆಯದೇ ಹೋಗಿದ್ದ ವಾದಗಳನ್ನೂ ಅವಳ ಪರವಾಗಿ ಹುಡುಕಿ ಇಟ್ಟ. ಕೊನೆಗೆ ಖಾಲಿ ಕುರ್ಚಿಗೆ ಕೈಮುಗಿದು, "ಸೋತ್ಯೋ ಸಿದ್ದಾರೂಢ, ಮೇಡಂ ಗೆದ್ರು" ಅಂದ.

ಧೃತಿ ದನಿಯಿಲ್ಲದೆ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

'ನನ್ನ ಮಾತನ್ನ ಇಷ್ಟು ಗಮನ ಕೊಟ್ಟು ಇದುವರೆಗೂ ಯಾರು ಕೇಳಿಸಿಕೊಂಡಿದ್ದಾರೆ...?'

ಅಂದಿನಿಂದ ಶನಿವಾರಕ್ಕೆ ಅವಳಿಗೆ ಸೀರೆ ಆರಿಸುವುದಕ್ಕೆ ಅರ್ಧ ಗಂಟೆ ಹಿಡಿಯತೊಡಗಿತು.

* * *

ಜನವರಿಯಲ್ಲಿ ಶ್ವೇತಾ ಬಂದಳು.

ಒಂದು ಶನಿವಾರ ಧೃತಿ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಹೆಣ್ಣಿನ ನಗು ಕೇಳಿಸಿತು. ಒಳಗೆ ಹೋದರೆ, ತನ್ನ ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟ ತೆಳ್ಳಗಿನ ಹೆಂಗಸು. ತಲೆ ತುಂಬ ಗುಂಗುರು ಕೂದಲು, ಕೈಯಲ್ಲಿ ಸಿದ್ದಾರೂಢನ ಜೆರಾಕ್ಸ್ ಹಾಳೆಗಳು.

"ಬರ್ರಿ ಬರ್ರಿ!" ಸಿದ್ದಾರೂಢ ಸಂಭ್ರಮದಿಂದ ಎದ್ದ. "ಈಕಿ ಶ್ವೇತಾ. ಎಂ.ಎ.ದಾಗ ನಮ್ಮ ಕ್ಲಾಸಿನಾಕಿ. ಈಗ ಬಿಟಿಎಂನಾಗ ಕೊರಿಯರ್ ಆಫೀಸಿನಾಗ ಅದಾಳ. ನಮ್ಮ ಓಣಿ ಹಿಂದ ರೂಮು ಹಿಡದಾಳ."

"ನಿಮ್ಮ ಸುದ್ದಿನ ಹೇಳ್ತಿರ್ತಾನ್ರಿ ಇಂವ" ಅಂದಳು ಶ್ವೇತಾ, ಕುರ್ಚಿ ಬಿಟ್ಟು ಏಳುತ್ತಾ.

"ಹೌದಾ..." ಅಂದಳು ಧೃತಿ. ಹಿಂದಿನ ಓಣಿ ಎಂಬ ಮಾತು ಆಗಲೇ ಎದೆಯಲ್ಲಿ ಮುಳ್ಳಾಗಿತ್ತು.

ಅಂದು ತೆರಿಗೆಯ ವಿಷಯ. ಸರ್ಕಾರ ತೆರಿಗೆ ಹಾಕುವುದು ಹಣ ಕೂಡಿಸಲಿಕ್ಕಲ್ಲ, ಜನ ಆ ರೂಪಾಯಿಯನ್ನೇ ಬಯಸುವಂತೆ ಮಾಡಲಿಕ್ಕೆ ಎಂಬುದು ಸಿದ್ದಾರೂಢನ ಅಧ್ಯಾಯ. ಧೃತಿ ಮೂರು ಸಲ ತಕರಾರು ತೆಗೆದಳು. ಅವನು ನಗುತ್ತಾ ಅಂದ:

"ಶ್ವೇತಾಗ ಒಂದ ಸಲ ಹೇಳಿದ್ರ ತಿಳೀತ್ರಿ. ನಿಮಗ ನಾಕು ತಿಂಗಳಾತು..."

ಹಾಸ್ಯಕ್ಕೆ ಆಡಿದ ಮಾತು. ಆದರೆ ಧೃತಿಯ ಪೆನ್ನು ಹಾಳೆಯ ಮೇಲೆ ಹಾಗೇ ನಿಂತುಬಿಟ್ಟಿತು.

ಆಮೇಲೆ ಅವರಿಬ್ಬರೂ ತಮ್ಮ ಊರ ಕಡೆಯ ಮಾತಿನಲ್ಲಿ ಏನೋ ಹೇಳಿಕೊಂಡು ನಕ್ಕರು. ಧಾರವಾಡದ ಯಾವುದೋ ಮೇಷ್ಟ್ರ ಸುದ್ದಿ. ಧೃತಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ಪುಸ್ತಕದ ಬೆನ್ನು ಸವರುತ್ತಾ ಕೂತಳು. ಅವಳ ಕನ್ನಡದಲ್ಲೇ ಮಾತಾಡುತ್ತಿದ್ದ ಇಬ್ಬರ ನಡುವೆ ಅವಳೊಬ್ಬಳೇ ಪರದೇಶಿ!

ರಾತ್ರಿ ಊಟದ ಹೊತ್ತಿಗೆ ಅಪ್ಪ ವೆಂಕಟಾಚಲ ಮಗಳ ಮುಖ ನೋಡಿದರು. ಅವರು ಬ್ಯಾಂಕಿನ ನಿವೃತ್ತ ಅಧಿಕಾರಿ. ಕೊರತೆ ಬಜೆಟ್ ಎಂದರೆ ಕೆಟ್ಟ ಮಾತು ಕೇಳಿದಂತೆ ಮುಖ ಸಿಂಡರಿಸುವವರು.

"ಮತ್ತೆ ಆ ಹುಡುಗನ ಜೊತೆ ಜಗಳ ಆಯ್ತಾ? ಅವನು ಹೇಳೋದು ಪೂರ್ತಿ ಸುಳ್ಳಲ್ಲ ಕಣೇ. ತೊಂಬತ್ತೇಳರ ತನಕ ಸರ್ಕಾರಕ್ಕೆ ಬೇಕಾದಾಗೆಲ್ಲ ರಿಸರ್ವ್ ಬ್ಯಾಂಕ್ ಕೊಡ್ತಾನೇ ಇತ್ತು. ಅದು ನಿಂತಿದ್ದು ಒಂದು ಒಪ್ಪಂದದಿಂದ. ಈಗ ಕಾಯ್ದೇನೇ ಬರ್ತಿದೆ. ನನಗೆ ಈ ಕಾಯ್ದೆ ಬೇಕು, ಆದ್ರೆ ಅದು ನಾವೇ ಹಾಕ್ಕೊಂಡಿರೋ ಬೇಲಿ ಅನ್ನೋದು ನಿಜ."

"ಜಗಳ ಏನಿಲ್ಲಪ್ಪ" ಅಂದಳು. 'ಜಗಳ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇವತ್ತು ಅವನು ನನ್ನ ಜೊತೆ ಸರಿಯಾಗಿ ಜಗಳವಾಡಲೂ ಇಲ್ಲ...'

* * *

ಫೆಬ್ರವರಿಯ ಮೊದಲ ಭಾನುವಾರ ಅವಳು ಬಿಟಿಎಂಗೆ ಹೋದಳು. ತಿದ್ದಿದ ಅಧ್ಯಾಯ ಕೊಡುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಸೋಮವಾರ ಅಂಚೆಗೆ ಹಾಕಿದ್ದರೂ ನಡೆಯುತ್ತಿತ್ತು.

ಎರಡನೇ ಹಂತದ ಒಂದು ಮನೆಯ ಮೊದಲ ಮಹಡಿ. ಕೋಣೆಯ ಬಾಗಿಲು ತೆರೆದೇ ಇತ್ತು.

ಚಾಪೆಯ ಮೇಲೆ ಸಿದ್ದಾರೂಢ ಮತ್ತು ಶ್ವೇತಾ. ನಡುವೆ ಪೇಪರಿನ ಮೇಲೆ ಮಂಡಕ್ಕಿ ಗಿರ್ಮಿಟ್ಟು, ಸುತ್ತಲೂ ಬರೆದ ಹಾಳೆಗಳು. ಇಬ್ಬರ ಕೈಯೂ ಒಂದೇ ರಾಶಿಗೆ ಹೋಗುತ್ತಿತ್ತು.

"ನೀ ಬರಿ. ನಾ ಅದೀನಲ್ಲ" ಅನ್ನುತ್ತಿದ್ದ ಅವನು.

ಧೃತಿ ಹೊಸ್ತಿಲ ಈಚೆಗೇ ನಿಂತಳು.

ನೀ...! ಐದು ತಿಂಗಳಲ್ಲಿ ಒಮ್ಮೆಯೂ ಅವನ ಬಾಯಿಂದ ತನಗೆ ಬಾರದ ಮಾತು. ತನಗೆ 'ನೀವು', 'ಮೇಡಂ', 'ಬರ್ರಿ'. ಅವಳಿಗೆ ನೀ!

ಯಾರೂ ನೋಡುವ ಮೊದಲೇ ಅವಳು ಮೆಟ್ಟಿಲಿಳಿದಳು. ಜಯನಗರದ ಬಸ್ಸು ಹತ್ತಿ ಕೂತಾಗ ತನ್ನ ಕೈಯಲ್ಲಿದ್ದ ಅಧ್ಯಾಯ ಮುದುಡಿ ಸುರುಳಿಯಾಗಿರುವುದು ಗಮನಕ್ಕೆ ಬಂತು.

ಅದಾದ ನಾಲ್ಕನೆಯ ದಿನ ಚಿಕ್ಕಬೈರಪ್ಪನವರು ಒಂದು ಲಕೋಟೆ ಕಳಿಸಿದರು. ಎರಡು ವರ್ಷದ ಸಂಶೋಧನಾ ವೇತನವೊಂದಕ್ಕೆ ಸಂಘ ಒಂದು ಲೇಖನ ಆರಿಸಿ, ಅದನ್ನು ಬರೆದವರ ಹೆಸರು ಸೂಚಿಸಬೇಕಿತ್ತು. ಬಂದ ಲೇಖನಗಳಲ್ಲಿ ಒಂದನ್ನು ಪರಿಶೀಲಿಸಿ ಅಭಿಪ್ರಾಯ ಬರೆಯುವುದು ಧೃತಿಯ ಕೆಲಸ. ಬರೆದವರ ಹೆಸರು ಓದುವವರಿಗೆ ಗೊತ್ತಿರುವುದಿಲ್ಲ, ಓದಿದವರ ಹೆಸರು ಬರೆದವರಿಗೂ ಗೊತ್ತಾಗುವುದಿಲ್ಲ.

ಮೊದಲ ಪುಟದಲ್ಲೇ ಧೃತಿಗೆ ಗೊತ್ತಾಗಿಹೋಯಿತು. ಆ ಹೊಸ ಸಿದ್ಧಾಂತದ ಮಾತನ್ನು ಸಂಘದ ಸುತ್ತಮುತ್ತ ಆಡುವವರು ಅವರಿಬ್ಬರೇ.

ಚಾಪೆಯ ಮೇಲೆ ಹರಡಿದ್ದ ಹಾಳೆಗಳು ಇವೇ! ಕಾಯ್ದೆಯ ಐದನೆಯ ಸೆಕ್ಷನ್ ಹಿಡಿದು ಬರೆದ ಲೇಖನ. ಎರಡು ಸಾವಿರದ ಆರರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಸರ್ಕಾರದ ಸಾಲಪತ್ರಗಳನ್ನು ನೇರವಾಗಿ ಕೊಳ್ಳುವಂತಿಲ್ಲ ಎನ್ನುತ್ತದೆ ಆ ಸೆಕ್ಷನ್. ರೂಪಾಯಿ ಹುಟ್ಟಿಸುವ ಶಕ್ತಿ ಇರುವ ದೇಶ ತಾನೇ ತನ್ನ ಕೈ ಕಟ್ಟಿಕೊಂಡು ಆಮೇಲೆ 'ಕೈಲಾಗದು' ಅನ್ನುತ್ತಿದೆ ಎಂಬುದು ಲೇಖನದ ವಾದ.

'ಇಬ್ಬರೂ ಸೇರಿ ಬರೆದಿದ್ದಾರೆ. ಇದು ಆಯ್ಕೆಯಾದರೆ ಎರಡು ವರ್ಷ ಇಬ್ಬರೂ ಒಂದೇ ಮೇಜಿನ ಎರಡು ಬದಿ...'

ಲೇಖನ ಚೆನ್ನಾಗಿತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಅವಳು ನಾಲ್ಕು ಆಕ್ಷೇಪ ಬರೆದಳು. ಮೂರು ಹೇಗೋ ಒಪ್ಪುವಂಥವು. ನಾಲ್ಕನೆಯದು ಹೀಗಿತ್ತು: 'ದೇಶದ ಭದ್ರತೆ, ಪ್ರಕೃತಿ ವಿಕೋಪದಂಥ ಸಂದರ್ಭಗಳಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ ಎಂಬುದನ್ನೇ ಲೇಖಕರು ಗಮನಿಸಿಲ್ಲ. ಕಾನೂನಿನ ಪ್ರಾಥಮಿಕ ತಿಳಿವಳಿಕೆಯೂ ಕಾಣುವುದಿಲ್ಲ.'

ಆದರೆ ಲೇಖಕರು ಗಮನಿಸಿದ್ದರು. ಒಂಬತ್ತನೆಯ ಅಡಿಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ ಇತ್ತು. ಸಣ್ಣ ಅಕ್ಷರದ ಹನ್ನೊಂದು ಸಾಲು.

ಧೃತಿ ಆ ಹನ್ನೊಂದು ಸಾಲನ್ನೂ ಓದಿದ್ದಳು. ಓದಿಯೇ ಬರೆದಳು. ಲಕೋಟೆಗೆ ಅಂಟು ಹಚ್ಚುವ ಮೊದಲು ಆ ಟಿಪ್ಪಣಿಯನ್ನು ಇನ್ನೊಮ್ಮೆ ತೆಗೆದು ನೋಡಿದಳು. ಆದರೂ ಅಂಟಿಸಿದಳು.

* * *

ಮಾರ್ಚ್ ಮೊದಲ ವಾರ ಸಿದ್ದಾರೂಢ ಅವಳನ್ನು ಕೆರೆಯ ಹತ್ತಿರ ಕರೆದ. ಮುಖದಲ್ಲಿ ಸಿಟ್ಟಿತ್ತು. ಕೈಯಲ್ಲಿ ಎರಡು ಹಾಳೆ.

"ಶ್ವೇತಾಂದು ತಿರಸ್ಕಾರ ಆತ್ರಿ."

"ಶ್ವೇತಾದ್ದಾ?" ಧೃತಿ ಆ ಹಾಳೆಗಳತ್ತ ಬಾಗಿದಳು. "ಅದು... ನೀವಿಬ್ರೂ ಸೇರಿ ಬರೆದಿದ್ದಲ್ವಾ?"

"ನಂದು ಒಂದಕ್ಷರನೂ ಇಲ್ರಿ! ಓದಿ ಬೈದೀನಿ ಅಷ್ಟ. ಹಗಲೆಲ್ಲ ಕೊರಿಯರ್ ಕೆಲಸ ಮಾಡಿ ಐದಾರು ತಿಂಗಳು ಬರದಾಳ ಆಕಿ. ಈ ವರ್ಷ ಆಗ್ಲಿಲ್ಲ ಅಂದ್ರ ಊರಿಗೆ ಬಾ ಅಂತ ಮನ್ಯಾಗ ಕೂತಾರ. ಇಲ್ನೋಡ್ರಿ ಈ ಮಹಾಶಯ ಏನ್ ಬರದಾನ! ವಿನಾಯಿತಿ ಗಮನಿಸಿಲ್ಲ ಅಂತ! ಒಂಬತ್ತನೇ ಟಿಪ್ಪಣಿ ಕಾಣಲಿಲ್ಲೇನು ಅವಗ? ಕಣ್ಣಿಲ್ಲೇನು?"

ಧೃತಿ ಕೆರೆಯ ಕಂಬಿ ಹಿಡಿದುಕೊಂಡಳು.

"ನೀವು ಕಾಯ್ದೆ ಬಲ್ಲವ್ರು" ಅವನು ಮುಂದುವರಿಸಿದ. "ಇದಕ್ಕೊಂದು ಉತ್ತರ ಬರದುಕೊಡ್ರಿ. ನಮ್ಮ ಸಿದ್ಧಾಂತ ನೀವು ಒಪ್ಪೂದಿಲ್ಲ ಅಂತ ಎಲ್ಲಾರಿಗೂ ಗೊತ್ತು. ಅದಕ್ಕ ನಿಮ್ಮ ಮಾತಿಗೆ ಬೆಲಿ ಜಾಸ್ತಿ. ನೀವು ಸುಳ್ಳು ಹೇಳೋರಲ್ಲ ಅಂತ ನಂಗ ಗೊತ್ತೈತಿ."

ಸುಮ್ಮನಿದ್ದುಬಿಡಬಹುದಿತ್ತು. ಉತ್ತರ ಬರೆದುಕೊಟ್ಟು ದೇವತೆಯಾಗಿಬಿಡಬಹುದಿತ್ತು! ಚಿಕ್ಕಬೈರಪ್ಪನವರು ಸತ್ತರೂ ಹೆಸರು ಹೇಳುವವರಲ್ಲ. ಈ ಜನ್ಮದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅದನ್ನ ಬರೆದಿದ್ದು ನಾನು" ಅಂದಳು ಧೃತಿ.

ಅವನು ಕೈಯಲ್ಲಿದ್ದ ಹಾಳೆ ನೋಡಿದ, ಅವಳನ್ನು ನೋಡಿದ.

"ಟಿಪ್ಪಣಿ ನಿಮಗ ಕಾಣಲಿಲ್ಲ... ಹೌದಿಲ್ಲೋ?" ಅವನ ದನಿಯಲ್ಲಿ ಇನ್ನೂ ಒಂದು ಆಸೆ ಇತ್ತು.

"ಕಾಣಿಸ್ತು. ಓದಿದ್ದೆ."

"ಯಾಕ್ರಿ ಮತ್ತ?"

"ಹೊಟ್ಟೆಕಿಚ್ಚು!" ಅವಳು ಕಂಬಿ ಬಿಟ್ಟು ಅವನತ್ತ ತಿರುಗಿದಳು. "ನಿಮ್ಮ ರೂಮಿಗೆ ಬಂದಿದ್ದೆ. ಇಬ್ರೂ ಕೂತು ನಗ್ತಾ ಇದ್ರಿ. ಅವಳನ್ನ ನೀ ಅಂತೀರಿ. ಅವಳಿಗೆ ಒಂದೇ ಸಲಕ್ಕೆ ತಿಳಿಯುತ್ತೆ ಅಂತೀರಿ... ಲೇಖನ ನಿಮ್ಮಿಬ್ಬರದು ಅಂದ್ಕೊಂಡೆ. ನಿಮ್ಮಿಬ್ಬರನ್ನ ಒಟ್ಟಿಗೆ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ."

ಸಿದ್ದಾರೂಢ ಹಾಳೆ ಮಡಚಿ ಜೇಬಿಗಿಟ್ಟ. ಮಾತು ಬಂದಾಗ ದನಿ ತಣ್ಣಗಿತ್ತು.

"ಹಂಗಾದ್ರ ಪೂರ್ತಿ ಕೇಳ್ರಿ. ಮೂರು ವರ್ಷದ ಹಿಂದ, ಮದುವಿ ಆಗೂಣಂತ ನಾನ ಕೇಳಿದ್ದೆ ಆಕಿನ್ನ. ಆಕಿ ಒಲ್ಲೆ ಅಂದ್ಲು. ದೋಸ್ತಿ ಉಳಕೊಂಡ್ವಿ. ನೀವು ಕೇಳಿದ್ರ ಅವತ್ತ ಹೇಳ್ತಿದ್ದೆ. ನನ್ನ ಮ್ಯಾಲೆ ಸಿಟ್ಟಿದ್ರ ನನಗ ಬೈಬೇಕಿತ್ತು ಮೇಡಂ. ಕಾಯ್ದೆದ ಹೆಸರಿಲೆ ಸುಳ್ಳು ಬರೀಬಾರದಿತ್ತು."

ಅವನು ತಿರುಗಿಯೂ ನೋಡದೆ ಹೋದ.

ಧೃತಿ ಅಲ್ಲೇ ನಿಂತಿದ್ದಳು. ಮೂರು ವರ್ಷದ ಹಿಂದಿನ ಆ ಮಾತು ಇಷ್ಟು ಅವಮಾನದ ನಡುವೆಯೂ ಹೊಸದಾಗಿ ಚುಚ್ಚಿತು. 'ಕೇಳಿದ್ದನಂತೆ... ಅವಳನ್ನ.' ತನ್ನ ಮನಸ್ಸಿನ ಮೇಲೆ ಅವಳಿಗೇ ಹೇಸಿಗೆಯಾಯಿತು.

* * *

ಮರುದಿನವೇ ಅವಳು ಇಟ್ಟಮಡುವಿನಲ್ಲಿದ್ದ ಚಿಕ್ಕಬೈರಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದಳು. ಯಾಕೆ ಎಂಬುದನ್ನೂ ಬಿಡಲಿಲ್ಲ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಸರು ಕಳಿಸಿ ಎಂಟು ದಿನ ಆಯ್ತಲ್ಲಮ್ಮ. ಇನ್ನೊಬ್ಬರಿಗೆ ಆದೇಶವೂ ಬಂದಿದೆ. ಈ ವರ್ಷ ಆ ಹುಡುಗಿಗೆ ಏನೂ ಮಾಡೋಕಾಗಲ್ಲ."

"ಮುಂದಿನ ವರ್ಷ?"

"ವಯಸ್ಸಿನ ಮಿತಿ ಒಳಗೇ ಇದ್ದಾಳೆ. ಆದ್ರೆ ಅಲ್ಲೀವರೆಗೂ ಊರಿಗೆ ಹೋಗದೆ ಉಳಿದ್ರೆ ತಾನೇ? ಲೇಖನ ಬೇರೆಯವರ ಕೈಲಿ ಓದಿಸಿ, ಚೆನ್ನಾಗಿದ್ರೆ ಏಪ್ರಿಲ್ ಸಭೇಲಿ ಓದೋಕೆ ಕರೀತೀನಿ. ಇನ್ನು ನೀನು..." ಅವರು ಅವಳ ಮುಖ ನೋಡಲಿಲ್ಲ. "ನಿನಗೆ ಇನ್ನು ಮೇಲೆ ಲೇಖನ ಕೊಡಲ್ಲ ಕಣಮ್ಮ. ಬೇಜಾರು ಮಾಡ್ಕೋಬೇಡ."

ಅಲ್ಲಿಂದ ಅವಳು ಬಿಟಿಎಂನ ಕೊರಿಯರ್ ಆಫೀಸಿಗೆ ಹೋದಳು. ಕೌಂಟರಿನ ಹಿಂದೆ ಪೊಟ್ಟಣಗಳ ಮೇಲೆ ಚೀಟಿ ಅಂಟಿಸುತ್ತಿದ್ದ ಶ್ವೇತಾ ತಲೆಯೆತ್ತಿದಳು. ಅವಳಿಗೆ ಆಗಲೇ ವಿಷಯ ಗೊತ್ತಿತ್ತು.

"ಶ್ವೇತಾ, ನಾನು ನಿಮಗೆ..." ಧೃತಿಯ ಕಣ್ಣು ತುಂಬಿತು.

"ಅಳಬ್ಯಾಡ್ರಿ" ಅಂದಳು ಶ್ವೇತಾ ಒರಟಾಗಿ. "ನೀವು ಅತ್ತರ ನಾ ಸಮಾಧಾನ ಮಾಡ್ಬೇಕಾಗ್ತೈತಿ. ನಂಗ ಟೈಮಿಲ್ಲ."

ಧೃತಿ ಕಣ್ಣೊರೆಸಿಕೊಂಡಳು.

"ನಿಮ್ಮನ್ನ ನಾ ಇನ್ನೂ ಮಾಫ್ ಮಾಡಿಲ್ಲ. ಆದ್ರ ನಾಕು ತಕರಾರು ಬರದೀರಿ. ಒಂದು ಸುಳ್ಳು. ಉಳದ ಮೂರು?"

"ಒಂದಕ್ಕೆ ಅರ್ಥ ಇಲ್ಲ. ಒಂದು ಅಷ್ಟೇನೂ ಮುಖ್ಯ ಅಲ್ಲ. ಒಂದು ಮಾತ್ರ... ನಿಜ."

"ಯಾವುದು?"

"ನಮ್ಮ ಕರ್ನಾಟಕ ಕೇಂದ್ರಕ್ಕಿಂತ ಮೊದಲೇ ಇಂಥದೇ ಕಾಯ್ದೆ ಮಾಡಿದೆ. ನೀವು ಎರಡನ್ನೂ ಒಂದೇ ಉಸಿರಲ್ಲಿ ಬೈದಿದ್ದೀರ. ಆದ್ರೆ ರಾಜ್ಯ ರೂಪಾಯಿ ಹುಟ್ಟಿಸಲ್ಲ. ನಿಮ್ಮ ಸಿದ್ಧಾಂತದ ಪ್ರಕಾರವೇ ರಾಜ್ಯ ಒಂದು ಸಂಸಾರ ಇದ್ದ ಹಾಗೆ, ಅದಕ್ಕೆ ಕಟ್ಟು ಬೇಕು. ಎರಡನ್ನೂ ಬೇರೆ ಮಾಡದಿದ್ರೆ ನಿಮ್ಮ ವಾದ ಅರ್ಧದಲ್ಲೇ ಬಿದ್ದುಹೋಗುತ್ತೆ."

ಶ್ವೇತಾ ಅಂಟಿನ ಬಾಟಲಿ ಕೆಳಗಿಟ್ಟಳು. ಗೋಡೆಯ ಗಡಿಯಾರ ನೋಡಿದಳು.

"ಐದೂವರಿಗೆ ನನ್ನ ಡ್ಯೂಟಿ ಮುಗೀತೈತಿ. ಬರ್ತೀರೇನು?"

ಮೂರು ವಾರ ಧೃತಿ ದಿನವೂ ಹೋದಳು. ಶ್ವೇತಾಳ ಕೋಣೆಯಲ್ಲಿ ರಾತ್ರಿ ಎಂಟರವರೆಗೆ ಇಬ್ಬರೂ ಕೂತು ಲೇಖನದ ಒಂದು ಭಾಗ ಕಿತ್ತು ಹೊಸದಾಗಿ ಕಟ್ಟಿದರು. ಮೊದಲ ವಾರ ಶ್ವೇತಾ ಬೇಕಾದಷ್ಟು ಮಾತ್ರ ಮಾತಾಡಿದಳು. ಎರಡನೇ ವಾರ ಚಹಾ ಕೊಟ್ಟಳು. ಕಪಾಟಿನ ಮೇಲೆ ಧಾರವಾಡದ ಕ್ಲಾಸಿನ ಗುಂಪು ಫೋಟೋ ಇತ್ತು. ಅದರಲ್ಲಿ ಸಿದ್ದಾರೂಢ ಶ್ವೇತಾಳ ಪಕ್ಕದಲ್ಲೇ ನಿಂತಿದ್ದ. ಧೃತಿಯ ಕಣ್ಣು ದಿನವೂ ಅಲ್ಲಿಗೆ ಹೋಗುತ್ತಿತ್ತು. ದಿನವೂ ಸಣ್ಣಗೆ ಉರಿಯುತ್ತಿತ್ತು. ಉರಿಯಲಿ ಎಂದುಕೊಂಡು ಪೆನ್ನು ಹಿಡಿಯುತ್ತಿದ್ದಳು.

ಮೂರನೇ ವಾರ ಶ್ವೇತಾ ಅವಳ ನೋಟ ಹಿಡಿದಳು.

"ಕೇಳ್ಬೇಕಂದ್ರ ಕೇಳ್ರಿ."

"ಯಾಕೆ ಒಲ್ಲೆ ಅಂದ್ರಿ ಅವರನ್ನ?"

"ಇಂವ ಎಲ್ಲಾದಕ್ಕೂ ನನ್ನ ಮಾತು ಹೌದು ಹೌದು ಅಂತಿದ್ದ. ನಂಗ ಬ್ಯಾಸರ ಆತು" ಶ್ವೇತಾ ಮೊದಲ ಬಾರಿಗೆ ನಕ್ಕಳು. "ನಿಮ್ಮ ಜೋಡಿ ಜಗಳ ಮಾಡಿ ಬಂದ ದಿನ ಅವನ ಮುಖ ನೋಡ್ಬೇಕ್ರಿ ನೀವು! ಊಟ ಮಾಡೂದು ಮರೀತಿದ್ದ."

ಮನೆಯವರಿಗೆ ಶ್ವೇತಾ ಇನ್ನೊಂದು ವರ್ಷ ಬೇಕೆಂದು ಪತ್ರ ಬರೆದಳು. ಮುಂದಿನ ವರ್ಷ ಆ ವೇತನ ಅವಳಿಗೆ ಸಿಕ್ಕಿತು ಕೂಡ. ಆದರೆ ಆ ಒಂದು ವರ್ಷ ಅವಳು ಕೌಂಟರಿನ ಹಿಂದೆ ಪೊಟ್ಟಣ ಅಂಟಿಸುತ್ತಲೇ ಕಳೆಯಬೇಕಾಯಿತು. ಧೃತಿ ಅದನ್ನು ಎಂದೂ ಮರೆಯಲಿಲ್ಲ.

* * *

ಏಪ್ರಿಲ್ ಸಭೆಗೆ ಸಭಾಂಗಣ ತುಂಬಿತ್ತು. ಶ್ವೇತಾ ದಿಟ್ಟವಾಗಿ ಓದಿದಳು. ಪ್ರತಿಕ್ರಿಯೆ ಹೇಳಬೇಕಾದವಳು ಧೃತಿ. ಶ್ವೇತಾಳೇ ಹಠ ಮಾಡಿ ಅವಳ ಹೆಸರು ಹಾಕಿಸಿದ್ದಳು.

ಧೃತಿ ಎದ್ದಳು. ಕಿಟಕಿಯ ಪಕ್ಕ ಕೈಕಟ್ಟಿ ನಿಂತಿದ್ದ ಸಿದ್ದಾರೂಢ ಕಾಣಿಸಿದ. ಕೆರೆಯ ದಂಡೆಯ ಆ ದಿನದಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

"ಮೊದಲು ಒಂದು ವಿಷಯ ಹೇಳ್ಬೇಕು" ಅಂದಳು. "ಫೆಬ್ರವರಿಯಲ್ಲಿ ಈ ಲೇಖನ ತಿರಸ್ಕಾರ ಆಗಿದ್ದು ನನ್ನ ಅಭಿಪ್ರಾಯದಿಂದ. ಅದರಲ್ಲಿ ನಾನು ಒಂದು ಸುಳ್ಳು ಬರೆದಿದ್ದೆ. ಗೊತ್ತಿದ್ದೇ ಬರೆದಿದ್ದೆ. ತಪ್ಪು ಲೇಖಕಿಯದಲ್ಲ, ನನ್ನದು."

ಅಪ್ಪ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ತಲೆಯೆತ್ತಿ ಮಗಳನ್ನೇ ನೋಡಿದರು.

ಆಮೇಲೆ ಅವಳು ಇಪ್ಪತ್ತು ನಿಮಿಷ ಶ್ವೇತಾಳ ಲೇಖನದ ವಿರುದ್ಧವೇ ವಾದಿಸಿದಳು! "ಈ ಕಾಯ್ದೆ ಪ್ರಕೃತಿ ನಿಯಮ ಅಲ್ಲ, ನಾವೇ ಹಾಕಿಕೊಂಡ ಬೇಲಿ. ಒಪ್ತೀನಿ. ಆದರೆ ಯಾರಿಗೆ ಯಾವಾಗ ಮನಸ್ಸು ಕೆಡುತ್ತೋ ಹೇಳೋಕಾಗಲ್ಲ. ನಾನೇ ಅದಕ್ಕೆ ಸಾಕ್ಷಿ. ಅದಕ್ಕೇ ಬೇಲಿ ಬೇಕು ಅಂತೀನಿ."

ಶ್ವೇತಾ ಎದ್ದು, "ಬೇಲಿ ಇರ್ಲಿ, ಗೇಟು ಎಲ್ಲೈತಿ ಅಂತ ಜನಕ್ಕ ತಿಳಿಸ್ರಿ" ಅಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಧೃತಿಯೇ.

ಸಭೆ ಮುಗಿದು ಹೊರಬಂದಾಗ ಸಂಜೆಯಾಗಿತ್ತು. ಗೇಟಿನ ಹತ್ತಿರ ಸಿದ್ದಾರೂಢ ನಿಂತಿದ್ದ.

"ಬನಶಂಕರಿ ಬಸ್ ಸ್ಟ್ಯಾಂಡ್ ತನಕ ನಡಕೊಂತ ಹೊಂಟೀನಿ" ಅಂದ. "ಬರ್ತೀರೇನು?"

ಕನಕಪುರ ರಸ್ತೆಯ ಉದ್ದಕ್ಕೂ ಇಬ್ಬರೂ ನಡೆದರು. ಗುಡಿಯ ಮುಂದೆ ನಿಂಬೆಹಣ್ಣಿನ ದೀಪ ಮಾರುವವರ ಸಾಲು ದಾಟಿದ ಮೇಲೆ ಧೃತಿಯೇ ಬಾಯಿ ತೆರೆದಳು.

"ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

"ಇತ್ರಿ. ಭಾಳ ಇತ್ತು. ನಂಬಿದವರ ಕೈಯಾಗಿಂದ ಸುಳ್ಳು ಬಂದ್ರ ತಡಕೊಳ್ಳಾಕ ಆಗೂದಿಲ್ಲ" ಅವನು ನಿಧಾನವಾಗಿ ಅಂದ. "ಆದ್ರ ಇವತ್ತು ನೀವು ಅಷ್ಟು ಮಂದಿ ಮುಂದ, ನಿಮ್ಮ ತಂದೆಯವರ ಮುಂದ ಹೇಳಿದ್ರಲ್ಲ... ನಾನಾಗಿದ್ರ ಹೇಳ್ತಿದ್ನೋ ಇಲ್ಲೋ ಅಂತ ಅಲ್ಲೇ ನಿಂತು ಕೇಳಕೊಂಡೆ. ಉತ್ರ ಸಿಗಲಿಲ್ಲ."

ಬಸ್ ನಿಲ್ದಾಣದಲ್ಲಿ ಬಿಟಿಎಂ ಬಸ್ಸು ಬಂತು. ಅವನು ಹತ್ತಲಿಲ್ಲ. ಅದು ಹೋಯಿತು.

"ನಿಮ್ಮ ಬಸ್ಸು..." ಅಂದಳು.

"ಹೋಗ್ಲಿ ಬಿಡ್ರಿ. ಈ ಮೂರು ವಾರ ನಾ ಏನ್ ಮಾಡಿದೆ ಗೊತ್ತೇನು? ದಿನಾ ಸಂಜಿಕೆ ಶ್ವೇತಾನ ರೂಮಿನ ಮುಂದ ಹಾದುಹೋಗ್ತಿದ್ದೆ. ಒಳಗ ಮಾತು, ನಗು. ನಿಮ್ಮಿಬ್ರದು! ಸಿದ್ಧಾಂತ ನಂದು, ದೋಸ್ತಿ ನಂದು, ಜಗಳ ಮಾಡೂ ಮೇಡಂನೂ ನಂದು. ಒಬ್ರಾದ್ರೂ 'ಬಾರೋ ಒಳಗ' ಅಂತ ಕರದ್ರೇನು?"

ಧೃತಿ ಬೆರಗಾಗಿ ಅವನನ್ನು ನೋಡಿದಳು.

"ಅಂದ್ರೆ... ನಿಮಗೆ?"

"ಹೊಟ್ಟಿಕಿಚ್ಚು!" ಅವನು ಎದೆ ಮೇಲೆ ಕೈಯಿಟ್ಟುಕೊಂಡ. "ಶ್ವೇತಾನ ಮ್ಯಾಲೆ! ದಿನಾ ಎರಡೂವರಿ ತಾಸು ನಿಮ್ಮ ಎದುರಿಗೆ ಕುಂಡ್ರತಿದ್ಲಲ್ಲ, ಅದಕ್ಕ!"

ಧೃತಿ ನಕ್ಕುಬಿಟ್ಟಳು. ಎರಡು ತಿಂಗಳಿಂದ ಎದೆಯಲ್ಲಿ ಹೆಪ್ಪುಗಟ್ಟಿದ್ದುದೆಲ್ಲ ಆ ನಗುವಿನಲ್ಲಿ ಕರಗಿ ಕಣ್ಣಿಗೆ ಬಂತು. ನಿಲ್ದಾಣದ ಜನರೆಲ್ಲ ತಿರುಗಿ ನೋಡುತ್ತಿದ್ದಾರೆಂಬ ಪರಿವೆಯೂ ಅವಳಿಗಿರಲಿಲ್ಲ.

"ನಾನು ನಿಮ್ಮನ್ನ ಪ್ರೀತಿಸ್ತೀನಿ" ಅಂದಳು. "ನಿಮ್ಮ ಸಿದ್ಧಾಂತ ಒಪ್ಪಲ್ಲ. ಮುಂದೆ ಒಪ್ತೀನಿ ಅಂತಾನೂ ಅನ್ಕೋಬೇಡಿ."

"ಒಪ್ಪಿದ್ರ ನಾ ಬರೂದಿಲ್ರಿ ನಿಮ್ಮ ಮನಿಗೆ."

"ಮನೆಗಾ... ಯಾವಾಗ?"

"ನಾಳೆ? ನಿಮ್ಮ ತಂದೆಯವರ ಜೋಡಿ ಮಾತಾಡಬೇಕು."

"ಏನಂತ ಮಾತಾಡ್ತೀರಾ? ಬಜೆಟ್ ವಿಷಯಾನಾ?"

ಸಿದ್ದಾರೂಢ ಅವಳ ಕೈ ಹಿಡಿದುಕೊಂಡ. ಇನ್ನೊಂದು ಬಿಟಿಎಂ ಬಸ್ಸು ಬಂದು, ನಿಂತು, ಹೋಯಿತು.

"ಇಲ್ಲ" ಅಂದ ಮೆಲ್ಲಗೆ. "ನಿಮ್ಮ ಮಗಳ ಜೋಡಿ ಜಗಳ ಮಾಡಾಕ ಶನಿವಾರ ಒಂದ ದಿನ ಸಾಲೂದಿಲ್ಲ ಅಂತ."